ಕಥೆಯ ಕಣ್ಣು ಸರಿಪಡಿಸಿ, ಆಮೇಲೆ ವಾಕ್ಯ: ಕರಡು ತಿದ್ದುವ ಸಮಗ್ರ ಮಾರ್ಗದರ್ಶಿ

ಕಥೆ ತಿದ್ದಲು ಕೂತವರು ಸಾಮಾನ್ಯವಾಗಿ ಮೊದಲ ವಾಕ್ಯದಿಂದ ಶುರುಮಾಡುತ್ತಾರೆ. ಪದ ಬದಲಿಸುತ್ತಾರೆ, ಉದ್ದ ವಾಕ್ಯ ಕತ್ತರಿಸುತ್ತಾರೆ, ಒಂದೆರಡು ಉಪಮೆ ಸೇರಿಸುತ್ತಾರೆ. ಮೂರನೆಯ ಕರಡಿನ ಹೊತ್ತಿಗೆ ವಾಕ್ಯಗಳು ನಯವಾಗಿರುತ್ತವೆ, ಕಥೆ ಮಾತ್ರ ಇನ್ನೂ ಕುಂಟುತ್ತಿರುತ್ತದೆ. ತಪ್ಪಿರುವುದು ಕೆಲಸದ ಅನುಕ್ರಮದಲ್ಲಿ. ಕನ್ನಡದಲ್ಲಿ ‘ಯಾರು ನೋಡುತ್ತಿದ್ದಾರೆ’ ಎಂಬುದು ಕ್ರಿಯಾಪದದ ಕೊನೆಯಲ್ಲಿ, ‘ತಾನು’ ಎಂಬ ಪದದಲ್ಲಿ, ನಂಟಿನ ಹೆಸರಿನಲ್ಲಿ, ‘ಬಂದ’ ಅನ್ನುವುದೋ ‘ಹೋದ’ ಅನ್ನುವುದೋ ಎಂಬಲ್ಲಿ ಅಡಗಿರುತ್ತದೆ. ನೋಡುವ ಈ ಕಣ್ಣು, ಅಂದರೆ ನೋಟ, ಬದಲಾದರೆ ಇವೆಲ್ಲ ಬದಲಾಗುತ್ತವೆ, ಅಂದರೆ ತಿದ್ದಿದ ವಾಕ್ಯವನ್ನೇ ಮತ್ತೆ ತಿದ್ದಬೇಕು. ಆದ್ದರಿಂದ ಇಲ್ಲಿ ಮೊದಲ ಐದು ಹಂತ ನೋಟಕ್ಕೆ, ಉಳಿದವು ವಾಕ್ಯಕ್ಕೆ.

ಬೇಕಾದ ಸಾಮಾನು

ಸುಮಾರು 300 ಪದಗಳ ಒಂದು ದೃಶ್ಯ ತೆಗೆದುಕೊಳ್ಳಿ, ಇಡೀ ಕಥೆ ಬೇಡ. ಬರೆದು ಕನಿಷ್ಠ ಒಂದು ವಾರವಾಗಿರಲಿ. ಸಾಲುಗಳ ನಡುವೆ ದುಪ್ಪಟ್ಟು ಜಾಗ ಬಿಟ್ಟು ಮುದ್ರಿಸಿ. ಕೆಂಪು ಮತ್ತು ನೀಲಿ ಪೆನ್ನು ಒಂದೊಂದು, ಧ್ವನಿ ಮುದ್ರಿಸಲು ಫೋನು. ಇಷ್ಟು ಸಾಕು.

ಕಡತ ಯೂನಿಕೋಡ್‌ನಲ್ಲಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ ‘ಹುಡುಕು’ ಸೌಲಭ್ಯಕ್ಕೆ ಕನ್ನಡ ಅಕ್ಷರ ಸಿಗುವುದಿಲ್ಲ; ಮೊದಲು ಪರಿವರ್ತಿಸಿಕೊಳ್ಳಿ. ಎಂಟನೆಯ ಹಂತದಲ್ಲಿ ಹುಡುಕಾಟ ಬೇಕಾಗುತ್ತದೆ.

ಕೈಗೆತ್ತಿಕೊಳ್ಳುವ ಮಾದರಿ

ಇದು ಬೇಕೆಂದೇ ಕೆಡಿಸಿ ಬರೆದ ತುಣುಕು. ಒಂಬತ್ತು ಸಾಲಿನಲ್ಲಿ ಹತ್ತಕ್ಕೂ ಹೆಚ್ಚು ತಪ್ಪುಗಳಿವೆ. ಮುಂದೆ ಓದುವ ಮೊದಲು ನೀವೇ ಎಣಿಸಿ ನೋಡಿ.

“ಸಾವಿತ್ರಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡ ರಾತ್ರಿ ಬಸ್ಸಿನಲ್ಲಿ ಹೊರಟು ಬಂದ ಅವಳ ತಮ್ಮ ಮಹೇಶನು ಗೇಟು ತೆರೆದು ನಾಯಿ ಬೊಗಳಿತು. ಅಕ್ಕನನ್ನು ಕಂಡು ಮಹೇಶನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅವನ ಮುಖ ನೋಡಿದ ಸಾವಿತ್ರಿಗೆ ಏನೋ ಆಗಿದೆ ಎಂದು ಅನ್ನಿಸಿತು. ಅವಳ ಕಣ್ಣಿನಲ್ಲಿ ಆತಂಕ ಮಿಂಚಿತು. ಅವಳಿಂದ ಅವನಿಗೆ ನೀರು ಕೊಡಲ್ಪಟ್ಟಿತು. ಯುವಕನು ನೀರು ಕುಡಿದನು ಮತ್ತು ಚೀಲವನ್ನು ಕೆಳಗಿಟ್ಟನು. ಒಳಗಿನಿಂದ ರಾಮಣ್ಣನವರು ಯಾರೆಂದು ಕೇಳಿದರು. ಅವನು ರಜೆ ಸಿಕ್ಕಿದೆ ಎಂದು ಸುಳ್ಳು ಹೇಳಿದನು.”

## ನೋಟದ ಕೆಲಸ

ಹಂತ 1: ಕಣ್ಣು ಯಾರದೆಂದು ಗೊತ್ತುಮಾಡಿ

ಹಾಳೆಯ ತಲೆಯಲ್ಲಿ ಮೂರು ಉತ್ತರ ಬರೆಯಿರಿ. ಈ ದೃಶ್ಯವನ್ನು ಯಾರು ನೋಡುತ್ತಿದ್ದಾರೆ? ಅವರು ಎಲ್ಲಿ ನಿಂತಿದ್ದಾರೆ ಅಥವಾ ಕೂತಿದ್ದಾರೆ? ದೃಶ್ಯ ಶುರುವಾಗುವಾಗ ಅವರಿಗೆ ಏನು ಗೊತ್ತಿಲ್ಲ? ಜನ ಬಿಟ್ಟುಬಿಡುವುದು ಮೂರನೆಯದನ್ನು, ಹೆಚ್ಚು ಕೆಲಸಕ್ಕೆ ಬರುವುದೂ ಅದೇ. ನಮ್ಮ ಮಾದರಿಗೆ: ಸಾವಿತ್ರಿ, ಜಗಲಿಯ ಮೇಲೆ, ತಮ್ಮನ ಕೆಲಸ ಹೋಗಿದ್ದು ಗೊತ್ತಿಲ್ಲ.

ಯಾರ ಕಣ್ಣೆಂದು ಆರಿಸಲು ತೊಡಕಾದರೆ, ದೃಶ್ಯದಲ್ಲಿ ಮುಖ್ಯವಾದ ಸಂಗತಿ ಗೊತ್ತಿಲ್ಲದವರನ್ನು ಆರಿಸಿ. ಮಹೇಶನ ಕಣ್ಣಿನಿಂದ ಬರೆದರೆ ಅವನಿಗೆ ಎಲ್ಲವೂ ಗೊತ್ತು; ಗೊತ್ತಿರುವುದನ್ನು ಓದುಗರಿಂದ ಮುಚ್ಚಿಟ್ಟರೆ ಅದು ಮೋಸವೆಂದು ಓದುಗರಿಗೆ ತಿಳಿದುಹೋಗುತ್ತದೆ. ಅವನ ಕಣ್ಣೇ ಬೇಕೆಂದರೆ ಕೆಲಸ ಹೋದದ್ದನ್ನು ಮೊದಲ ಸಾಲಿನಲ್ಲೇ ಹೇಳಿ, ‘ಅಕ್ಕನಿಗೆ ಹೇಗೆ ಹೇಳುವುದು’ ಎಂಬುದನ್ನು ಕುತೂಹಲವಾಗಿ ಉಳಿಸಿಕೊಳ್ಳಿ.

‘ನಾನು’ ಎಂದು ಬರೆಯುವವರಿಗೆ ಇನ್ನೊಂದು ಲೆಕ್ಕ ಇದೆ. ಅನುಭವಿಸುವ ‘ನಾನು’ ಬೇರೆ, ಕಥೆ ಹೇಳುವ ‘ನಾನು’ ಬೇರೆ. ಇಬ್ಬರ ನಡುವೆ ಒಂದು ಗಂಟೆಯೋ ಮೂವತ್ತು ವರ್ಷವೋ ಎಂದು ಗೊತ್ತುಮಾಡಿ ಹಾಳೆಯ ಅಂಚಿನಲ್ಲಿ ಬರೆದಿಡಿ. ಎಂಟು ವರ್ಷದ ಹುಡುಗ ‘ಅಪ್ಪನ ಮೌನದ ಹಿಂದಿನ ಅಸಹಾಯಕತೆ’ ಎಂದು ಯೋಚಿಸುವ ಕಥೆಗಳೆಲ್ಲ ಈ ಲೆಕ್ಕ ತಪ್ಪಿದವು. ‘ನೀನು’ ಎಂದು ಬರೆಯುವ ಪ್ರಯೋಗವನ್ನು ಮೊದಲ ಹತ್ತು ಕಥೆಗಳಲ್ಲಿ ಕೈಬಿಡಿ.

ಎಲ್ಲರ ಮನಸ್ಸೂ ಬಲ್ಲ ನಿರೂಪಕ ಬೇಕೆನ್ನುವವರು ಅದನ್ನು ಮೊದಲ ಪ್ಯಾರಾದಲ್ಲೇ ತೋರಿಸಬೇಕು. ಎರಡು ಪುಟ ಒಬ್ಬರ ಜೊತೆಗಿದ್ದು ಮೂರನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಎಲ್ಲ ಬಲ್ಲವರಾದರೆ ಅದು ಎಡವಟ್ಟು ಅಷ್ಟೇ.

ಹಂತ 2: ಸೋರಿಕೆ ಹುಡುಕಿ

ಕೆಂಪು ಪೆನ್ನು ತೆಗೆದುಕೊಂಡು ಮನಸ್ಸಿನ ಕ್ರಿಯೆಗಳಿಗೆಲ್ಲ ಅಡಿಗೆರೆ ಹಾಕಿ: ಅನ್ನಿಸಿತು, ತಿಳಿಯಿತು, ನೆನಪಾಯಿತು, ಬೇಸರವಾಯಿತು, ಸಿಟ್ಟು ಬಂತು, ಹಸಿವಾಯಿತು. ಕನ್ನಡದಲ್ಲಿ ಇವುಗಳ ಜೊತೆ ಸಾಮಾನ್ಯವಾಗಿ ಚತುರ್ಥಿ ವಿಭಕ್ತಿ ಬರುತ್ತದೆ. ಸಾವಿತ್ರಿ‘ಗೆ’ ಅನ್ನಿಸಿತು, ಮಹೇಶನಿ‘ಗೆ’ ತಿಳಿಯಲಿಲ್ಲ. ಆ ‘ಗೆ’ ಹತ್ತಿದ ಹೆಸರುಗಳನ್ನು ಅಂಚಿನಲ್ಲಿ ಪಟ್ಟಿಮಾಡಿ. ಪಟ್ಟಿಯಲ್ಲಿ ಒಂದೇ ಹೆಸರಿರಬೇಕು. ಎರಡಿದ್ದರೆ ಸೋರಿಕೆ, ಅಂದರೆ ನೋಡುವವರಿಗೆ ಗೊತ್ತಾಗದ ಸಂಗತಿ ಒಳಗೆ ಬಂದಿದೆ.

ಇದು ಸುಲಭ ಸೋರಿಕೆ. ಕಷ್ಟದವು ಎರಡು ಬಗೆ. ಒಂದು, ಗುಣವಾಚಕದ ವೇಷದಲ್ಲಿ ಬರುವ ಮಾಹಿತಿ. ‘ಕೆಲಸ ಕಳೆದುಕೊಂಡ ಮಹೇಶ’ ಎಂಬಲ್ಲಿ ಮನಸ್ಸಿನ ಕ್ರಿಯೆಯೇ ಇಲ್ಲ, ಆದರೂ ಸಾವಿತ್ರಿಗೆ ಗೊತ್ತಿಲ್ಲದ ಸಂಗತಿ ಹೆಸರಿನ ಹಿಂದೆ ಅಂಟಿಕೊಂಡು ಒಳಗೆ ನುಗ್ಗಿದೆ. ‘ಸುಳ್ಳು ಹೇಳಿದನು’ ಕೂಡ ಅಂಥದೇ. ಅದು ಸುಳ್ಳೆಂದು ಅವಳಿಗೆ ಇನ್ನೂ ಗೊತ್ತಿಲ್ಲ. ಎರಡು, ನೋಡುವವರೇ ತಮ್ಮನ್ನು ನೋಡಿಕೊಳ್ಳುವುದು. ‘ಅವಳ ಕಣ್ಣಿನಲ್ಲಿ ಆತಂಕ ಮಿಂಚಿತು’ ಅನ್ನಲು ಅವಳ ಎದುರಿಗೆ ಕನ್ನಡಿ ಬೇಕು. ಅವಳಿಗೆ ಎದೆ ಬಡಿತ ಗೊತ್ತಾಗಬಹುದು, ಕೈ ನಿಂತದ್ದು ಕಾಣಬಹುದು, ತನ್ನ ಕಣ್ಣಿನ ಮಿಂಚು ಕಾಣದು.

ಸೋರಿಕೆ ಮುಚ್ಚಲು ಮೂರು ದಾರಿಗಳಿವೆ, ಈ ಕ್ರಮದಲ್ಲೇ ಪ್ರಯತ್ನಿಸಿ. ಮೊದಲು, ಅಳಿಸಿ ನೋಡಿ. ಅರ್ಧಕ್ಕರ್ಧ ಸೋರಿಕೆಗಳಿಗೆ ಇದೇ ಮದ್ದು. ಅಳಿಸಿದ್ದರಿಂದ ದೃಶ್ಯ ಬಡವಾಯಿತೆಂದರೆ ಅದನ್ನು ಹೊರಗೆ ಕಾಣುವ ಕೆಲಸವಾಗಿ ಬದಲಿಸಿ: ಮಹೇಶನಿಗೆ ಹೇಳಲು ತಿಳಿಯದಿದ್ದರೆ ಅವನು ನಾಯಿಯ ಕಡೆ ನೋಡುತ್ತಾನೆ, ಚೀಲ ಇಳಿಸುವುದಿಲ್ಲ. ಅದೂ ಆಗದಿದ್ದರೆ ನೋಡುವವರ ಊಹೆಯಾಗಿ ಮಾಡಿ: ‘ನಿದ್ದೆಗೆಟ್ಟಿರಬೇಕು’, ‘ಯಾರ ಜೊತೆ ಜಗಳ ಆಡಿದನೋ ಏನೋ’. ಊಹೆ ತಪ್ಪಾಗಿದ್ದರೆ ಇನ್ನೂ ಒಳ್ಳೆಯದು. ಆದರೆ ‘ಹಾಗೆ ಕಂಡ’, ‘ಎಂಬಂತೆ ನೋಡಿದ’ ಎಂಬವನ್ನು ಒಂದು ಪುಟದಲ್ಲಿ ಎರಡಕ್ಕಿಂತ ಹೆಚ್ಚು ಸಲ ಬಳಸಿದರೆ ಎಲ್ಲರೂ ಮಂಜಿನಲ್ಲಿ ಓಡಾಡಿದಂತಿರುತ್ತದೆ.

ಹಂತ 3: ಹೆಸರು, ನಂಟು, ಗೌರವ

ಇಂಗ್ಲಿಷಿನ ಬರವಣಿಗೆ ಕೈಪಿಡಿಗಳಲ್ಲಿ ಈ ಹಂತ ಸಾಮಾನ್ಯವಾಗಿ ಸಿಗುವುದಿಲ್ಲ. ಕನ್ನಡದಲ್ಲಿ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ದೃಶ್ಯದಲ್ಲಿರುವ ಪ್ರತಿಯೊಬ್ಬರ ಹೆಸರಿನ ಎದುರಿಗೆ, ನೋಡುವವರು ಅವರನ್ನು ಮನಸ್ಸಿನಲ್ಲಿ ಏನೆಂದು ಕರೆಯುತ್ತಾರೆ ಎಂದು ಬರೆಯಿರಿ. ಸಾವಿತ್ರಿಯ ಮನಸ್ಸಿನಲ್ಲಿ ‘ರಾಮಣ್ಣನವರು’ ಎಂಬ ಮನುಷ್ಯನೇ ಇಲ್ಲ, ಇರುವುದು ಅಪ್ಪ. ‘ಯುವಕ’ ಇಲ್ಲ, ಇರುವುದು ಮಹೇಶ. ‘ಅಕ್ಕನನ್ನು ಕಂಡು’ ಎಂದ ತಕ್ಷಣ ನೋಟ ಮಹೇಶನದಾಗುತ್ತದೆ. ಒಂದು ನಂಟಿನ ಪದ ಇಡೀ ವಾಕ್ಯವನ್ನು ಆಚೆ ಕಡೆಗೆ ತಿರುಗಿಸಿಬಿಡುತ್ತದೆ. ಸೊಸೆಯ ಕಣ್ಣಿನಲ್ಲಿ ‘ಮಾವ’ ಆದವರು ಮಗನ ಕಣ್ಣಿನಲ್ಲಿ ‘ಅಪ್ಪ’, ಅಂಗಡಿಯವನ ಕಣ್ಣಿನಲ್ಲಿ ‘ಯಜಮಾನ್ರು’.

ಆಮೇಲೆ ಕ್ರಿಯಾಪದದ ಗೌರವ. ಕೆಲವು ಮನೆಗಳಲ್ಲಿ ಅಪ್ಪ ‘ಬಂದರು’, ಕೆಲವು ಮನೆಗಳಲ್ಲಿ ಅಪ್ಪ ‘ಬಂದ’, ಬಹಳ ಮನೆಗಳಲ್ಲಿ ಅಪ್ಪ ‘ಬಂದರು’ ಅಮ್ಮ ‘ಬಂದಳು’. ನಿಮ್ಮ ಪಾತ್ರದ ಮನೆ ಯಾವ ಬಗೆಯದೆಂದು ಗೊತ್ತುಮಾಡಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ. ಒಮ್ಮೆ ಹಿಡಿದರೆ ಅದನ್ನು ಬೇಕೆಂದೇ ಮುರಿಯುವ ಅವಕಾಶವೂ ಸಿಗುತ್ತದೆ. ಇಪ್ಪತ್ತು ಪುಟ ‘ಅಪ್ಪ ಹೇಳಿದರು’ ಎಂದವಳು ಸಿಟ್ಟಿನ ಒಂದು ಗಳಿಗೆಯಲ್ಲಿ ‘ಅಪ್ಪ ಹೇಳಿದ’ ಎಂದರೆ, ಆ ಸಿಟ್ಟಿನ ವರ್ಣನೆ ಬೇರೆ ಬೇಕಿಲ್ಲ.

ತಪ್ಪುವ ಜಾಗಗಳು ಎರಡು. ಗೌರವದ ‘ಅವರು’ ಬಹುವಚನದ ‘ಅವರು’ ಜೊತೆ ಗೋಜಲಾಗುತ್ತದೆ: ‘ಅಪ್ಪ ಮತ್ತು ಮಹೇಶ ಜಗಲಿಗೆ ಬಂದರು. ಅವರು ಮಾತಾಡಲಿಲ್ಲ.’ ಯಾರು, ಅಪ್ಪನೋ ಇಬ್ಬರೋ? ಇಂಥಲ್ಲಿ ‘ಇಬ್ಬರೂ’ ಅನ್ನಿ ಅಥವಾ ‘ಅಪ್ಪ’ ಎಂದೇ ಮತ್ತೆ ಬರೆಯಿರಿ. ಇನ್ನೊಂದು, ಒಂದೇ ಹೆಸರು ಪದೇಪದೇ ಬರುತ್ತದೆಂಬ ಭಯಕ್ಕೆ ಮಹೇಶ, ತಮ್ಮ, ಆತ, ಯುವಕ ಎಂದು ಬದಲಿಸುತ್ತಾ ಹೋಗುವುದು. ಇದು ವರದಿಗಾರಿಕೆಯ ಚಟ. ಕನ್ನಡದಲ್ಲಿ ‘ಕುಡಿದ’ ಅಂದರೆ ಕುಡಿದವನು ಗಂಡಸು, ಒಬ್ಬ ಎಂದು ಕ್ರಿಯಾಪದವೇ ಹೇಳುತ್ತದೆ. ದೃಶ್ಯದಲ್ಲಿ ಗಂಡು ಹೆಣ್ಣು ಒಬ್ಬೊಬ್ಬರೇ ಇದ್ದರೆ ಕರ್ತೃಪದ ಬಿಟ್ಟುಬಿಡಿ. ಇಬ್ಬರು ಗಂಡಸರಿದ್ದರೆ ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದಾಗಲೆಲ್ಲ ಹೆಸರು ಹೇಳಿ.

ಹಂತ 4: ‘ತಾನು’ ಎಲ್ಲಿ, ‘ಅವನು’ ಎಲ್ಲಿ

‘ಸಾವಿತ್ರಿ ಅವಳ ಕೋಣೆಗೆ ಹೋದಳು.’ ಇದನ್ನು ಓದಿದವರಿಗೆ ಬೇರೆ ಯಾರೋ ಹೆಂಗಸಿನ ಕೋಣೆ ಎನಿಸುತ್ತದೆ. ‘ತನ್ನ ಕೋಣೆಗೆ’ ಆಗಬೇಕು, ಇನ್ನೂ ಸರಳವಾಗಿ ‘ಕೋಣೆಗೆ’ ಸಾಕು. ನೀಲಿ ಪೆನ್ನಿನಿಂದ ಅವನ, ಅವಳ, ಅವನಿಗೆ, ಅವಳಿಗೆ ಎಂಬವನ್ನೆಲ್ಲ ಸುತ್ತಿ. ಅದೇ ವಾಕ್ಯದ ಕರ್ತೃವನ್ನೇ ಸೂಚಿಸುತ್ತಿದ್ದರೆ ‘ತನ್ನ’ ಮಾಡಿ ಅಥವಾ ತೆಗೆದುಹಾಕಿ.

ಮಾತನ್ನು ವರದಿ ಮಾಡುವಾಗ ಇದು ಇನ್ನೂ ಮುಖ್ಯ. ‘ಅವನು ನಾಳೆ ಬರುತ್ತಾನೆ ಎಂದು ಮಹೇಶ ಹೇಳಿದ’ ಎಂದರೆ ಬರುವವನು ಬೇರೊಬ್ಬ. ‘ತಾನು ನಾಳೆ ಬರುತ್ತೇನೆ ಎಂದು ಮಹೇಶ ಹೇಳಿದ’ ಎಂದರೆ ಬರುವವನು ಮಹೇಶನೇ. ‘ತಾನು’ ಜೊತೆಗೆ ‘ಬರುತ್ತೇನೆ’ ಎಂಬ ಉತ್ತಮ ಪುರುಷ ಬಂದದ್ದನ್ನು ನೋಡಿ ತಪ್ಪೆಂದು ತಿದ್ದಲು ಹೋಗಬೇಡಿ. ಮಾತಿನಲ್ಲೂ ಬರಹದಲ್ಲೂ ಅದು ಸಹಜ ಪ್ರಯೋಗ.

ಎಚ್ಚರಿಕೆ: ಒಂದೇ ವಾಕ್ಯದಲ್ಲಿ ‘ತನ್ನ’ ಇಬ್ಬರಿಗೆ ಅಂಟಿಕೊಳ್ಳಬಹುದು. ‘ತನ್ನ ಚೀಲವನ್ನು ಮಹೇಶ ಮುಟ್ಟಲಿಲ್ಲ ಎಂದು ಸಾವಿತ್ರಿಗೆ ಅನ್ನಿಸಿತು.’ ಚೀಲ ಯಾರದು? ಇಲ್ಲಿ ಪದ ಬದಲಿಸಿದರೆ ಪ್ರಯೋಜನವಿಲ್ಲ, ವಾಕ್ಯವನ್ನೇ ಒಡೆಯಬೇಕು.

ಇನ್ನು ಈ ಹಂತದ ಅತಿ ಲಾಭದಾಯಕ ಕೆಲಸ. ‘ಎಂದು ಅನ್ನಿಸಿತು’, ‘ಎಂದುಕೊಂಡಳು’, ‘ಎಂದು ಯೋಚಿಸಿದಳು’ ಎಂಬ ಬಾಲಗಳನ್ನು ಕತ್ತರಿಸಿ ನೋಡಿ. ‘ತಾನು ಹಾಗೆ ಕೇಳಬಾರದಿತ್ತು ಎಂದು ಸಾವಿತ್ರಿಗೆ ಅನ್ನಿಸಿತು’ ಎಂಬುದು ‘ಕೇಳಬಾರದಿತ್ತು’ ಎಂದಷ್ಟೇ ಆಗುತ್ತದೆ. ಕರ್ತೃ ಇಲ್ಲದೆ ನಿಲ್ಲುವ ಶಕ್ತಿ ಕನ್ನಡ ವಾಕ್ಯಕ್ಕಿರುವುದರಿಂದ ಓದುಗರು ನೇರ ಅವಳ ತಲೆಯೊಳಗೆ ಇಳಿಯುತ್ತಾರೆ. ಷರತ್ತು ಒಂದೇ: ಒಂದನೆಯಿಂದ ಮೂರನೆಯ ಹಂತದವರೆಗೆ ಸರಿಯಾಗಿ ಮುಗಿದಿರಬೇಕು. ನೋಟ ಅಲುಗಾಡುತ್ತಿರುವಾಗ ಬಾಲ ಕತ್ತರಿಸಿದರೆ ಅದು ಯಾರ ಯೋಚನೆಯೆಂದು ಯಾರಿಗೂ ತಿಳಿಯದು.

ಹಂತ 5: ಇಲ್ಲಿ–ಅಲ್ಲಿ, ಬಾ–ಹೋಗು, ಅಂತೆ

‘ಮಹೇಶ ಗೇಟಿನೊಳಗೆ ಬಂದ’ ಎಂದರೆ ನೋಡುವವರು ಅಂಗಳದ ಒಳಗಿದ್ದಾರೆ. ‘ಮಹೇಶ ಗೇಟಿನೊಳಗೆ ಹೋದ’ ಎಂದರೆ ರಸ್ತೆಯಲ್ಲಿದ್ದಾರೆ. ಹೀಗೆಯೇ ತಂದ–ಒಯ್ದ, ಇವನು–ಅವನು, ಇವತ್ತು–ಅಂದು, ನಾಳೆ–ಮರುದಿನ. ಮೊದಲನೆಯ ಹಂತದಲ್ಲಿ ಬರೆದ ‘ಎಲ್ಲಿ ಕೂತಿದ್ದಾರೆ’ ಎಂಬ ಉತ್ತರದ ಜೊತೆ ಒಂದೊಂದನ್ನೂ ತಾಳೆ ನೋಡಿ. ಪಾತ್ರದ ಯೋಚನೆಯ ಒಳಗೆ ‘ಇವನು’, ‘ಇವತ್ತು’ ಬರಬಹುದು. ಹೊರಗಿನ ನಿರೂಪಣೆಯಲ್ಲಿ ‘ಅವನು’, ‘ಅಂದು’. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸದಿದ್ದರೆ ಸಾಕು.

‘ಅಂತೆ’ ಇದೆಯಲ್ಲ, ಅದು ನೋಟದ ಅತಿ ಚಿಕ್ಕ ಉಪಕರಣ. ‘ಕೆಲಸ ಹೋಯಿತು’ ಎಂದರೆ ನಿರೂಪಕರ ಹೊಣೆ. ‘ಕೆಲಸ ಹೋಯಿತಂತೆ’ ಎಂದರೆ ಯಾರೋ ಹೇಳಿದ್ದು, ನೋಡುವವರು ಕೇಳಿದ್ದು, ನಿಜವೋ ಗೊತ್ತಿಲ್ಲ. ಕಣ್ಣಾರೆ ಕಂಡದ್ದಕ್ಕೆ ‘ಅಂತೆ’ ಹಾಕಬಾರದು, ಕೇಳಿದ ಸುದ್ದಿಗೆ ಬಿಡಬಾರದು. ನಿರೂಪಣೆ ಪೂರ್ತಿ ‘ಅಂತೆ’ಯಲ್ಲಿ ನಡೆಯುವುದು ಅಜ್ಜಿಕಥೆಯ ಧಾಟಿ, ಬೇಕೆಂದರೆ ಬಳಸಿ, ಅರಿವಿಲ್ಲದೆ ಅದರೊಳಗೆ ಜಾರಬೇಡಿ.

## ವಾಕ್ಯದ ಕೆಲಸ

ಈಗ ಹಾಳೆ ಕೆಂಪು ನೀಲಿ ಗೆರೆಗಳಿಂದ ತುಂಬಿರುತ್ತದೆ. ತಿದ್ದಿದ್ದನ್ನು ಸೇರಿಸಿ ಹೊಸದಾಗಿ ಟೈಪ್ ಮಾಡಿ, ಮತ್ತೆ ಮುದ್ರಿಸಿಕೊಳ್ಳಿ. ಹಳೆಯ ಹಾಳೆಯ ಮೇಲೆಯೇ ಮುಂದುವರಿದರೆ ಕಣ್ಣು ಗೆರೆಗಳನ್ನು ಓದುತ್ತದೆ, ವಾಕ್ಯವನ್ನಲ್ಲ.

ಹಂತ 6: ಹೆಸರಿನ ಮುಂದಿನ ಹೊರೆ ಇಳಿಸಿ

ಕನ್ನಡದಲ್ಲಿ ವಿಶೇಷಣವೆಲ್ಲ ಹೆಸರಿಗಿಂತ ಮೊದಲು ಬರುತ್ತದೆ. ‘ಕಳೆದುಕೊಂಡ’, ‘ಹೊರಟು ಬಂದ’, ‘ಅವಳ’ ಎಂದು ಓದುತ್ತಾ ಹೋಗುವವರು ಇದೆಲ್ಲ ಯಾರ ವಿಷಯ ಎಂದು ತಿಳಿಯದೆ ಹೊರೆಯನ್ನು ಹೊತ್ತು ಕಾಯಬೇಕು. ಒಂದು ಹೆಸರಿನ ಮುಂದೆ ಇಂಥ ಕೃದಂತ (‘ಕಳೆದುಕೊಂಡ’ದಂತೆ ಕ್ರಿಯಾಪದದಿಂದ ಹುಟ್ಟಿದ ವಿಶೇಷಣ) ಒಂದೇ ಇರಲಿ, ಹೆಚ್ಚೆಂದರೆ ಎರಡು. ಮೂರನೆಯದಕ್ಕೆ ಬೇರೆ ವಾಕ್ಯ ಕೊಡಿ.

ಅರ್ಥ ಕೆಡುವುದೂ ಇಲ್ಲೇ. ‘ಹೊಸದಾಗಿ ಮದುವೆಯಾದ ಮಹೇಶನ ಗೆಳೆಯ’ ಎಂದರೆ ಮದುವೆಯಾದದ್ದು ಮಹೇಶನಿಗೋ ಗೆಳೆಯನಿಗೋ? ಗೆಳೆಯನಿಗಾದರೆ ‘ಮಹೇಶನ ಗೆಳೆಯ, ಹೊಸದಾಗಿ ಮದುವೆಯಾದವನು’ ಎಂದು ಹಿಂದೆ ತಳ್ಳಿ. ಕೃದಂತದ ತಕ್ಷಣ ಷಷ್ಠಿ ವಿಭಕ್ತಿಯ ಹೆಸರು (ಮಹೇಶನ, ಊರಿನ, ಅಂಗಡಿಯ) ಬಂದಲ್ಲೆಲ್ಲ ನಿಂತು ಈ ಪ್ರಶ್ನೆ ಕೇಳಿಕೊಳ್ಳಿ.

ಹಂತ 7: ‘ಬಂದು, ಹೋಗಿ, ನೋಡುತ್ತಾ’ಗಳ ಸರಪಳಿ

‘ಮಹೇಶನು ಗೇಟು ತೆರೆದು ನಾಯಿ ಬೊಗಳಿತು.’ ತೆರೆದದ್ದು ಮಹೇಶ, ಬೊಗಳಿದ್ದು ನಾಯಿ. ‘ತೆರೆದು’ ಎಂಬ ರೂಪ ಬಂದರೆ ಮುಂದಿನ ಕ್ರಿಯೆಯನ್ನೂ ಅವನೇ ಮಾಡಬೇಕು. ಕರ್ತೃ ಬದಲಾಗುವುದಾದರೆ ತೆರೆದಾಗ, ತೆರೆಯುತ್ತಿದ್ದಂತೆ, ತೆರೆದದ್ದೇ ತಡ ಎಂಬವುಗಳಲ್ಲಿ ಒಂದನ್ನು ಆರಿಸಿ. ‘ಮಳೆ ಬಂದು ಹೊಲ ನೆನೆಯಿತು’ ಎಂಬಲ್ಲಿ ಕರ್ತೃ ಬೇರೆಯಾದರೂ ಸರಿಹೋಗುತ್ತದೆ, ಮೊದಲನೆಯದು ಎರಡನೆಯದಕ್ಕೆ ನೇರ ಕಾರಣವಾಗಿರುವುದರಿಂದ. ಈ ವಿನಾಯಿತಿಯನ್ನು ಮನುಷ್ಯರ ಕೆಲಸಕ್ಕೆ ಎಳೆಯಬೇಡಿ.

‘ತ್ತಾ’ ಎಂದರೆ ಎರಡೂ ಕೆಲಸ ಒಟ್ಟಿಗೆ ನಡೆಯುತ್ತಿವೆ. ‘ಬಾಗಿಲಿಗೆ ಅಗಳಿ ಹಾಕುತ್ತಾ ಮಲಗಿದಳು’ ಎಂದು ಬರೆದವರು ಇದನ್ನು ನಟಿಸಿ ನೋಡಲಿ.

ಇವೆಲ್ಲ ವ್ಯಾಕರಣ. ಕಥೆಗಾರರಿಗೆ ಮುಖ್ಯವಾದದ್ದು ಬೇರೆ: ಸರಪಳಿಯಲ್ಲಿ ಭಾರ ಬೀಳುವುದು ಕೊನೆಯ ಪೂರ್ಣಕ್ರಿಯೆಯ ಮೇಲೆ ಮಾತ್ರ. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು ಹೊರಟ’ ಎಂಬಲ್ಲಿ ಹೊರಟದ್ದು ಮಾತ್ರ ಘಟನೆ, ಉಳಿದದ್ದು ದಿನಚರಿ. ಆದ್ದರಿಂದ ದಿನಚರಿಗೆ, ಅವಸರಕ್ಕೆ ಸರಪಳಿ ಒಳ್ಳೆಯದು. ಆದರೆ ‘ಪತ್ರ ಓದಿ, ಹರಿದು, ಒಲೆಗೆ ಹಾಕಿ ಅನ್ನಕ್ಕೆ ನೀರಿಟ್ಟಳು’ ಎಂದು ಬರೆದರೆ ಪತ್ರ ಸುಟ್ಟದ್ದು ಅನ್ನಕ್ಕಿಟ್ಟ ನೀರಿಗಿಂತ ಚಿಕ್ಕದಾಗುತ್ತದೆ. ಅದೇ ನಿಮಗೆ ಬೇಕಾದದ್ದಾದರೆ ಅದ್ಭುತ ವಾಕ್ಯ. ಬೇಡವಾದರೆ: ‘ಪತ್ರ ಓದಿದಳು. ಹರಿದು ಒಲೆಗೆ ಹಾಕಿದಳು.’ ಪುಟದಲ್ಲಿ ಬಹಳ ಮುಖ್ಯವಾದ ಎರಡು ಕೆಲಸ ಯಾವುವೆಂದು ಗುರುತುಮಾಡಿ, ಅವು ಪೂರ್ಣಕ್ರಿಯೆಯಲ್ಲಿವೆಯೇ ನೋಡಿ.

ಹಂತ 8: ಅನುವಾದದ ವಾಸನೆ

ಇಲ್ಲಿ ಕಂಪ್ಯೂಟರಿನ ಹುಡುಕಾಟ ಸಾಕು, ಹತ್ತು ನಿಮಿಷದ ಕೆಲಸ. ‘ಲ್ಪಡು’, ‘ಲ್ಪಟ್ಟ’ ಎಂದು ಹುಡುಕಿ. ಸಿಕ್ಕ ಪ್ರತಿಯೊಂದನ್ನೂ ಮಾಡಿದವರ ಹೆಸರಿನಿಂದ ಶುರುವಾಗುವ ವಾಕ್ಯವಾಗಿಸಿ. ಮಾಡಿದವರು ಗೊತ್ತಿಲ್ಲದಿದ್ದರೆ ‘ಬಾಗಿಲು ಮುರಿದಿದ್ದರು’ ಎಂದು ಬಹುವಚನ ಸಾಕು. ಆಮೇಲೆ ‘ಮತ್ತು’: ಎರಡು ಕ್ರಿಯೆಗಳನ್ನು ಜೋಡಿಸುವ ‘ಮತ್ತು’ ತೆಗೆದು ‘ಕುಡಿದು ಇಟ್ಟ’ ಎಂದೋ ಎರಡು ವಾಕ್ಯವೋ ಮಾಡಿ. ‘ಆಗಿದ್ದನು’: ‘ಅವನು ಒಬ್ಬ ಮೇಷ್ಟ್ರಾಗಿದ್ದನು’ ಎಂದರೆ ಈಗ ಮೇಷ್ಟ್ರಲ್ಲ ಎಂದಾಗುತ್ತದೆ. ಈಗಲೂ ಮೇಷ್ಟ್ರೇ ಆಗಿದ್ದರೆ ‘ಅವನು ಮೇಷ್ಟ್ರು’. ಕ್ರಿಯಾಪದ ಬೇಕಿಲ್ಲ, ‘ಒಬ್ಬ’ ಬೇಕಿಲ್ಲ.

ನಿರೂಪಣೆಯಲ್ಲಿ ‘ಬಂದನು’ ಮತ್ತು ‘ಬಂದ’ ಎರಡೂ ಬೆರೆತಿದ್ದರೆ ಒಂದನ್ನು ಉಳಿಸಿ. ಒಬ್ಬರ ಮನಸ್ಸಿಗೆ ಹತ್ತಿರವಾಗಿ ಬರೆಯುತ್ತಿದ್ದರೆ ‘ಬಂದ’ ಉಳಿಯಲಿ.

ಹಂತ 9: ಬಂದ, ಬಂದಿದ್ದ, ಬರುತ್ತಿದ್ದ

ಹಿಂದಿನ ಕಥೆಗೆ ಹೋದಾಗ ಇಡೀ ಪುಟ ‘ಹೋಗಿದ್ದ, ಹೇಳಿದ್ದ, ಕೇಳಿದ್ದಳು, ಅತ್ತಿದ್ದಳು’ ಎಂದು ನಡೆಯುವುದು ಸಾಮಾನ್ಯ ರೋಗ. ಮೊದಲ ಒಂದೆರಡು ವಾಕ್ಯಕ್ಕೆ ಮಾತ್ರ ‘ಇದ್ದ’ ಹಾಕಿ, ಆಮೇಲೆ ‘ಹೋದ, ಹೇಳಿದ’ ಎಂಬ ಸರಳ ಭೂತಕಾಲಕ್ಕೆ ಇಳಿಯಿರಿ. ಹಿಂತಿರುಗುವಾಗ ದೃಶ್ಯದ ಒಂದು ವಸ್ತು ಹಿಡಿದು ಬನ್ನಿ: ‘ಮೊರದ ತುಂಬ ಅವರೆ ಸಿಪ್ಪೆ ರಾಶಿಯಾಗಿತ್ತು’.

‘ಬರುತ್ತಿದ್ದ’ ಎಂಬುದಕ್ಕೆ ಎರಡು ಅರ್ಥ: ಆ ಹೊತ್ತಿಗೆ ಬರುತ್ತಾ ಇದ್ದ, ಅಥವಾ ದಿನಾ ಬರುತ್ತಿದ್ದ. ‘ಪ್ರತಿ ಶನಿವಾರ’, ‘ಆಗಷ್ಟೇ’ ಎಂಬಂಥ ಪದ ಹತ್ತಿರದಲ್ಲಿ ಇಲ್ಲದಿದ್ದರೆ ಸೇರಿಸಿ.

ಹಂತ 10: ಕಣ್ಣಿಗೆ ಬಿದ್ದ ಕ್ರಮದಲ್ಲಿ ಪದಗಳು

ಇಲ್ಲಿ ನೋಟ, ವಾಕ್ಯ ಎರಡೂ ಒಂದಾಗುತ್ತವೆ. ಸಾವಿತ್ರಿ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಾಳೆ. ಅವಳಿಗೆ ಮೊದಲು ಸಿಗುವುದು ಶಬ್ದ, ಆಮೇಲೆ ಗೇಟು, ಆಮೇಲೆ ಆಕಾರ, ಕೊನೆಗೆ ಗುರುತು. ಮಾದರಿಯಲ್ಲಿ ಮಹೇಶನ ಹೆಸರು ಮೊದಲು ಬಂದು ನಾಯಿ ಕೊನೆಗೆ ಬೊಗಳುತ್ತದೆ, ತಲೆಕೆಳಗು. ‘ಒಳಗೆ ಬರುತ್ತಿದ್ದವನು ಮಹೇಶ’ ಎಂದು ಹೆಸರನ್ನು ಕೊನೆಗಿಟ್ಟರೆ ಓದುಗರೂ ಅವಳ ಜೊತೆಗೇ ಗುರುತು ಹಿಡಿಯುತ್ತಾರೆ. ಈ ತಿರುವನ್ನು ಪುಟಕ್ಕೆ ಒಂದು ಸಲ ಬಳಸಿ. ‘ಕೊಟ್ಟದ್ದು ಅವಳು, ಕುಡಿದದ್ದು ಅವನು’ ಎಂದು ಮೂರು ಸಲ ಬಂದರೆ ನಾಟಕದ ಧಾಟಿಯಾಗುತ್ತದೆ. ಮಾಮೂಲಿ ವಾಕ್ಯದಲ್ಲಿ ಒತ್ತು ಬೀಳುವುದು ಕ್ರಿಯಾಪದಕ್ಕೆ ತೀರಾ ಹತ್ತಿರವಿರುವ ಪದಕ್ಕೆ. ‘ಅಪ್ಪನಿಗೆ ಮಹೇಶ ಹೇಳಲಿಲ್ಲ’ ಮತ್ತು ‘ಮಹೇಶ ಅಪ್ಪನಿಗೆ ಹೇಳಲಿಲ್ಲ’ ಎರಡನ್ನೂ ಜೋರಾಗಿ ಓದಿ. ಎರಡನೆಯದರಲ್ಲಿ ಬೇರೆ ಯಾರಿಗೋ ಹೇಳಿರಬಹುದೆಂಬ ಅನುಮಾನ ಉಳಿಯುತ್ತದೆ.

ಹಂತ 11: ಕಿವಿಯ ಪರೀಕ್ಷೆ

ಪ್ರತಿ ವಾಕ್ಯದ ಕೊನೆಯ ಪದಕ್ಕೆ ವೃತ್ತ ಹಾಕಿ. ಕ್ರಿಯಾಪದ ಕೊನೆಗೆ ಬರುವುದರಿಂದ ‘ದಳು, ದಳು, ದಳು’ ಎಂಬ ಏಕತಾನ ಕನ್ನಡ ಗದ್ಯದ ಹುಟ್ಟುಗುಣ. ಸತತವಾಗಿ ನಾಲ್ಕು ಒಂದೇ ಬಗೆಯಿದ್ದರೆ ಒಂದನ್ನು ಮುರಿಯಿರಿ: ಕ್ರಿಯಾಪದವಿಲ್ಲದ ವಾಕ್ಯ, ಒಂದು ಮಾತು, ಒಂದು ನಿಷೇಧ, ‘ಬರುತ್ತಿದ್ದವನು ಮಹೇಶ’ ಎಂಬಂಥ ತಿರುವು. ಹೊಸ ಉಪಮೆ ತುರುಕುವುದು ಇದಕ್ಕೆ ಮದ್ದಲ್ಲ.

ಆಮೇಲೆ ಜೋರಾಗಿ ಓದಿ ಫೋನಿನಲ್ಲಿ ಮುದ್ರಿಸಿ. ವಾಕ್ಯದ ನಡುವೆ ಉಸಿರು ಎಳೆದುಕೊಂಡ ಜಾಗ ಆರನೆಯ ಹಂತಕ್ಕೆ ಹಿಂತಿರುಗಬೇಕಾದ ಜಾಗ. ಸ್ವಂತ ಬರಹವನ್ನು ನಾವು ಸರಿಮಾಡಿಕೊಂಡೇ ಓದುತ್ತೇವೆ. ಹಾಗಾಗಿ ಆಂಡ್ರಾಯ್ಡ್ ಫೋನಿನ ಓದಿ ಹೇಳುವ ಸೌಲಭ್ಯದಿಂದ ಒಮ್ಮೆ ಕೇಳಿ. ಅದಕ್ಕೆ ಭಾವವಿಲ್ಲ, ಅದೇ ಇಲ್ಲಿ ಅನುಕೂಲ.

ತಿದ್ದಿದ ಮೇಲೆ

“ನಾಯಿ ಬೊಗಳಿತು. ಸಾವಿತ್ರಿ ಅವರೆಕಾಯಿಯಿಂದ ತಲೆಯೆತ್ತಿದಳು. ಗೇಟಿನ ಕೊಂಡಿ ಬಿಡಿಸಿಕೊಂಡು ಒಳಗೆ ಬರುತ್ತಿದ್ದವನು ಮಹೇಶ. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಮಂಗಳವಾರ ಬೆಳಿಗ್ಗೆ. ಹೆಗಲಲ್ಲಿ ಎರಡು ಚೀಲ.

‘ಏನೋ, ಫೋನೂ ಮಾಡದೆ?’

‘ರಜಾ ಇತ್ತು ಕಣಕ್ಕ.’ ಅಂದವನು ನಾಯಿಯ ಕಡೆ ನೋಡುತ್ತಿದ್ದ.

ಕೇಳಬಾರದಿತ್ತು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ನಿಂತೇ ಕುಡಿದ. ಚೀಲ ಇಳಿಸಲಿಲ್ಲ.

‘ಯಾರೇ ಅದು?’ ನಡುಮನೆಯಿಂದ ಅಪ್ಪ ಕೂಗಿದರು.

ಸಾವಿತ್ರಿ ತಮ್ಮನ ಮುಖ ನೋಡಿದಳು. ತಾನೇ ಹೇಳಬೇಕೋ, ಇವನೇ ಹೇಳುತ್ತಾನೋ.”

ಕೆಲಸ ಹೋದ ಸಂಗತಿ ಪೂರ್ತಿ ಮಾಯವಾಗಿದೆ. ಎರಡು ಚೀಲ, ಮಂಗಳವಾರ, ನಾಯಿಯ ಕಡೆ ತಿರುಗಿದ ನೋಟ ಅದನ್ನು ಸೂಚಿಸುತ್ತಿವೆ. ‘ಇವನೇ’ ಎಂಬ ಪದ ಅವಳ ಯೋಚನೆಯ ಒಳಗಿದೆ, ಅದಕ್ಕೇ ‘ಅವನೇ’ ಅಲ್ಲ.

ಲಕ್ಷಣ ನೋಡಿ ಹಂತ ಹಿಡಿಯುವುದು

ಓದಿದವರು ‘ಯಾರ ಕಥೆ ಇದು?’ ಎಂದರೆ ಒಂದನೆಯ ಹಂತ. ‘ಯಾರು ಹೇಳಿದ್ದು?’ ಎಂದು ಹಿಂದಿನ ಸಾಲಿಗೆ ಹೋದರೆ ಮೂರು ಮತ್ತು ನಾಲ್ಕು. ‘ಚೆನ್ನಾಗಿದೆ, ಆದರೆ ಅನುವಾದದ ಹಾಗಿದೆ’ ಎಂದರೆ ಎಂಟಕ್ಕಿಂತ ಮೊದಲು ಮೂರನ್ನೇ ನೋಡಿ. ‘ಲ್ಪಟ್ಟಿತು’ ಎಲ್ಲ ತೆಗೆದ ಮೇಲೂ ನಂಟಿನ ಹೆಸರು ತಪ್ಪಿದ್ದರೆ ವಾಸನೆ ಹೋಗುವುದಿಲ್ಲ. ‘ಕೊನೆಯಲ್ಲಿ ಏನಾಯಿತೆಂದೇ ತಿಳಿಯಲಿಲ್ಲ’ ಎಂದರೆ ಮುಖ್ಯ ಕೆಲಸ ಸರಪಳಿಯೊಳಗೆ ಹೂತ ಸಾಧ್ಯತೆ ಹೆಚ್ಚು, ಏಳನೆಯ ಹಂತ.

ಒಂದೇ ಕಥೆಯಲ್ಲಿ ಎರಡನೆಯ ಕಣ್ಣು

ದೀರ್ಘ ಕಥೆಗೆ ಇದು ಬೇಕಾಗಬಹುದು. ದೃಶ್ಯ ಮುಗಿಯುವವರೆಗೆ ಕಾಯಿರಿ, ಒಂದು ಸಾಲು ಖಾಲಿ ಬಿಡಿ. ಹೊಸ ದೃಶ್ಯದ ಮೊದಲ ವಾಕ್ಯದಲ್ಲೇ ಹೊಸಬರ ನಂಟಿನ ಪದ ಬರಲಿ: ‘ಅಕ್ಕ ಜಗಲಿಯ ಮೇಲೇ ಇದ್ದಳು. ಹಿತ್ತಿಲ ಬಾಗಿಲಿನಿಂದ ಹೋಗಬೇಕಿತ್ತು.’ ಮಹೇಶನ ಹೆಸರೇ ಇಲ್ಲ, ಆದರೂ ಕಣ್ಣು ಅವನದೆಂದು ಗೊತ್ತಾಯಿತು. ಇದಾದ ಮೇಲೆ ಹಂತ 3ರ ಪಟ್ಟಿಯನ್ನು ಅವನಿಗಾಗಿ ಹೊಸದಾಗಿ ಬರೆಯಬೇಕು: ಸಾವಿತ್ರಿ ಈಗ ಅಕ್ಕ, ಮತ್ತು ಅಪ್ಪನ ಕ್ರಿಯಾಪದಕ್ಕೆ ಅವನು ಕೊಡುವ ಗೌರವ ಅವಳು ಕೊಡುವಷ್ಟೇ ಇರಬೇಕೆಂದಿಲ್ಲ.